ಕತ್ತುದ್ದದ ಕುಂಬಳ

ನಮ್ಮ ಕಡೆ ಇಡೀ ಕುಂಬಳಕಾಯಿಗೆ ಹೆಂಗಸರು ಮೊದಲ ಏಟು ಹಾಕುವಂತಿಲ್ಲ. ಗಂಡಸು ಎರಡು ಹೋಳು ಮಾಡಿಕೊಡಬೇಕು, ಆಮೇಲೆ ಅಡುಗೆಮನೆಗೆ. ಇಂಥ ಕಟ್ಟಳೆ ಕಂಡರೆ ನನಗೆ ಮೈ ಉರಿಯುತ್ತದೆ. ಆದರೆ ಅಮ್ಮ ಅದನ್ನು ತನ್ನ ಕೆಲಸಕ್ಕೆ ಬಳಸಿಕೊಂಡಿದ್ದಳು. ಅಪ್ಪ ಮಚ್ಚು ಹಿಡಿದು ಕೂತರೆ ಅವಳು ಮೊರ ಹಿಡಿದು ಎದುರಿಗೆ ಕೂರುತ್ತಿದ್ದಳು. ಕಾಯಿ ಎಂಥದ್ದೇ ಇರಲಿ, ಒಂದು ಹಿಡಿ ಬೀಜ ಅವಳ ಮೊರಕ್ಕೆ ಬೀಳಬೇಕು. ತೊಳೆದು, ಬೂದಿ ಹಚ್ಚಿ, ಒಣಗಿಸಿ ಎಲ್ಲವನ್ನೂ ಒಂದೇ ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದಳು.

ಹಾಗಾಗಿ ನಗರಗೆರೆ ಹತ್ತಿರದ ನಮ್ಮ ಹಿತ್ತಲಲ್ಲಿ ಸಿಹಿಗುಂಬಳ ಒಂದೇ ಥರ ಬಿಟ್ಟಿದ್ದೇ ಇಲ್ಲ. ದುಂಡನೆಯ ಕೆಂಪು, ಮೈಯೆಲ್ಲ ಗಂಟುಗಂಟಾದದ್ದು, ರುಚಿ ಅಷ್ಟಕ್ಕಷ್ಟೇ ಆದರೂ ಯುಗಾದಿವರೆಗೆ ಕೆಡದ ಬೂದು ಹಸಿರಿನದ್ದು. ಇನ್ನೊಂದು ಕತ್ತುದ್ದದ್ದು. ಅದರ ಕತ್ತಿನಲ್ಲಿ ಬೀಜವಿಲ್ಲ, ಬರೀ ತಿರುಳು. ಆ ಕತ್ತಿನ ಪಲ್ಯ ಅಂದರೆ ಅಪ್ಪನಿಗೆ ಪ್ರಾಣ. ಮಕ್ಕಳಾದ ನಮಗೂ ಅಮ್ಮ ಅದರಲ್ಲಿ ಪಾಲು ಕೊಡುತ್ತಿರಲಿಲ್ಲ.

ನನಗೆ ಚಿಕ್ಕಬಳ್ಳಾಪುರದಲ್ಲಿ, ಊರೂರಿನ ತರಕಾರಿ ಬೀಜ ಕೂಡಿಟ್ಟು ಕಾಪಾಡುವ ಕಡೆ ಕೆಲಸ ಸಿಕ್ಕಿತು. ಚಿಂತಾಮಣಿ, ಶಿಡ್ಲಘಟ್ಟದ ಹಳ್ಳಿಗಳನ್ನು ಸುತ್ತಿ ಕುಂಬಳದ ಬೀಜ ತರುತ್ತಿದ್ದೆ. ಅದನ್ನು ತಣ್ಣನೆಯ ಕೋಣೆಯಲ್ಲಿ ಇಡುವುದು, ಆಗಾಗ ಬಿತ್ತಿ ಹೊಸ ಬೀಜ ತೆಗೆಯುವುದು ನನ್ನ ಕೆಲಸ. ಮೊದಲ ವರ್ಷವೇ ಜಂಬದಿಂದ ಅಮ್ಮನ ಬೀಜವನ್ನೂ ಕೇಳಿದೆ. ಅವಳು ಇಡೀ ಗಂಟು ಬಿಚ್ಚಿಟ್ಟಳು.

"ಇದು ಕಲಬೆರಕೆ ಆಗೋಯ್ತದಮ್ಮ. ದುಂಡಂದು ಮಾತ್ರ ಸಾಕು" ಎಂದೆ.

"ಅನ್ನೀ ಒಕ ತಲ್ಲಿ ಬಿಡ್ಡಲೇ ಕಣೇ" ಎಂದಳು. ಎಲ್ಲವೂ ಒಬ್ಬ ತಾಯಿಯ ಮಕ್ಕಳು ಅಂತ. ಬೇಜಾರಾದಾಗ ಅವಳಿಗೆ ತೆಲುಗು ಬರುತ್ತಿತ್ತು. "ಮಿಕ್ಕಿದ್ದು?"

"ಮುಂದಿನ ಸಲ ತಗೊಂಡೋಗ್ತೀನಿ."

ಗಂಟು ಬಿಟ್ಟು, ಅಟ್ಟದ ಮೇಲಿದ್ದ ದುಂಡನೆಯ ಒಂದು ಕಾಯನ್ನು ಅಪ್ಪನಿಂದ ಒಡೆಸಿ ಅದರ ಬೀಜವನ್ನಷ್ಟೇ ಒಯ್ದೆ. ಮುಂದಿನ ಸಲ ಬಂತು, ಅದರ ಮುಂದಿನದೂ ಬಂತು. ಪ್ರತಿ ಸಲವೂ ನನಗೆ ಬಸ್ಸಿಗೆ ಹೊತ್ತಾಗಿರುತ್ತಿತ್ತು.

ಹೋದ ವರ್ಷ ಪುಷ್ಯದಲ್ಲಿ ಅಮ್ಮ ಹೋದಳು. ತಿಂಗಳುಗಟ್ಟಲೆ ಮಲಗಿದ್ದವಳು, ಆ ಸಲದ ಕಾಯಿ ಒಂದನ್ನೂ ಒಡೆಸಿರಲಿಲ್ಲ. ಎಲ್ಲ ಅಟ್ಟದ ಮೇಲೇ ಇದ್ದವು. ಹನ್ನೊಂದನೇ ದಿನದ ಊಟಕ್ಕೆ ಹುಳಿ ಮಾಡಲು ಅಡುಗೆಯವರು ಅಷ್ಟನ್ನೂ ಇಳಿಸಿದರು. ನಾನು ಅಲ್ಲೇ, ನಾಲ್ಕು ಮಾರು ದೂರದಲ್ಲಿ ತೆಂಗಿನಕಾಯಿ ತುರಿಯುತ್ತಿದ್ದೆ. ಅವರು ಬೀಜವನ್ನು ತಿರುಳಿನ ಸಮೇತ ಕೆರೆದು ಮಂಕರಿಗೆ ಹಾಕಿದ್ದನ್ನು ನೋಡಿದೆ. ಮಂಕರಿ ಕೊಟ್ಟಿಗೆಗೆ ಹೋಗಿದ್ದನ್ನೂ ನೋಡಿದೆ. ಬೀಜ ಕಾಪಾಡಿ ಸಂಬಳ ತಗೊಳ್ಳುವವಳು ನಾನು. ಅವತ್ತು ನನ್ನ ತಲೆಯಲ್ಲಿ ಇದ್ದದ್ದು ಊಟಕ್ಕೆ ಎಷ್ಟು ಎಲೆ ಹಾಕಬೇಕು ಅನ್ನುವುದಷ್ಟೇ. ಮೂರು ದಿನ ಬಿಟ್ಟು ಅಮ್ಮನ ಬೀಜದ ಗಂಟು ಬಿಚ್ಚಿದೆ. ಹಳೆಯ ಬೀಜವನ್ನೆಲ್ಲ ಅವಳು ಮುಂಗಾರಿಗೇ ಬಿತ್ತಿದ್ದಳು. ಒಳಗೆ ಬೂದಿ ಇತ್ತು. ಕೊಟ್ಟಿಗೆಗೆ ಓಡಿ, ದನದ ಖಾಲಿ ಬಾನಿಯಲ್ಲಿ ಕೈಯಾಡಿಸಿ, ಅಲ್ಲೇ ಕೂತು ಅತ್ತೆ.

ಆದರೂ ಒಂದು ಧೈರ್ಯವಿತ್ತು, ತಣ್ಣನೆಯ ಕೋಣೆಯಲ್ಲಿ ಅಮ್ಮನ ಪೊಟ್ಟಣ ಇದೆಯಲ್ಲ. ಕೇಳಿಕೊಂಡು ಒಂದಿಷ್ಟು ಬೀಜ ತಂದೆ. ಈ ಮುಂಗಾರಿಗೆ ಅಪ್ಪನೇ ಬಿತ್ತಿದರು. ಒಂದೂ ಹುಸಿ ಹೋಗಲಿಲ್ಲ. ದಸರೆ ಹೊತ್ತಿಗೆ ಹಿತ್ತಲ ತುಂಬ ಕಾಯಿ. ಎಲ್ಲವೂ ದುಂಡಗೆ, ಎಲ್ಲವೂ ಕೆಂಪು, ಎಲ್ಲವೂ ಒಂದೇ ಗಾತ್ರ.

"ಕಂಪನಿ ಬೀಜವಾ? ಎಷ್ಟು ಚೆನ್ನಾಗವೆ!" ಎಂದಳು ಪಕ್ಕದ ಮನೆಯಾಕೆ.

ಅಪ್ಪ ಕೋಲಿನಿಂದ ಒಂದೊಂದೇ ಎಲೆ ಎತ್ತಿ ಬಳ್ಳಿಯ ಉದ್ದಕ್ಕೂ ನೋಡುತ್ತಾ ಹೋದರು. ಕೊನೆ ಮುಟ್ಟಿ, ಮತ್ತೆ ಮೊದಲಿನಿಂದ ನೋಡಿದರು.

"ಕತ್ತಿಂದು ಒಂದೂ ಇಲ್ವಲ್ಲಮ್ಮ. ನಿಮ್ಮಮ್ಮನ ಬೀಜದಲ್ಲಿ ಬರ್ಲೇಬೇಕು."

ಬಂದಿತ್ತು. ಅದನ್ನು ನಾನು ಯಾರಿಗೂ ಹೇಳಿಲ್ಲ. ಆ ದುಂಡನೆಯ ಕಾಯಿಯ ಬೀಜವನ್ನು ನಂದಿ ಹತ್ತಿರ ನಮ್ಮ ಕಚೇರಿಯ ಬಿತ್ತನೆ ತಾಕಿನಲ್ಲಿ ಮೊದಲ ಸಲ ಬಿತ್ತಿದಾಗ ಎರಡು ಬಳ್ಳಿಯಲ್ಲಿ ಕತ್ತುದ್ದದ ಹೀಚು ಕಾಣಿಸಿತ್ತು. ಪೊಟ್ಟಣದ ಮೇಲೆ ನಾನೇ 'ದುಂಡು' ಎಂದು ಬರೆದಿದ್ದೆ. ಬರೆದದ್ದಕ್ಕೆ ಹೊಂದದ ಬಳ್ಳಿ ಅಂತ ಎರಡನ್ನೂ ಬುಡಸಮೇತ ಕಿತ್ತೆ. ಉಳಿದವುಗಳ ಹೂವಿಗೆ ಬೇರೆ ಪರಾಗ ತಾಗದಂತೆ ದಾರ ಕಟ್ಟಿದೆ. ತಾಕು ಎಷ್ಟು ಶುದ್ಧವಾಗಿದೆ ಅಂತ ಮೇಲಿನವರು ಹೊಗಳಿದರು. ನಾನು ಹಿಗ್ಗಿ ಹೀರೇಕಾಯಿಯಾದೆ. ಅಮ್ಮ ಆಗ ಬದುಕಿದ್ದಳು, ಅಟ್ಟದ ತುಂಬ ಕಾಯಿ ಇದ್ದವು, ಎರಡು ಬಳ್ಳಿ ಯಾವ ಲೆಕ್ಕ ಅನ್ನಿಸಿತ್ತು.

"ಅಲ್ಲಿ ಫ್ರಿಜ್ಜಲ್ಲಿ ಎಲ್ಲಾ ಇಟ್ಟಿದೀಯಲ್ಲ ನೀನು" ಎಂದರು ಅಪ್ಪ. "ಕತ್ತಿಂದು ಒಂದ್ನಾಕು ಬೀಜ ತಂದ್ಕೊಡಮ್ಮ."

ನಿಜ ಹೇಳಬೇಕಿತ್ತು.

"ಮುಂದಿನ ಸಲ ತರ್ತೀನಪ್ಪ" ಎಂದೆ.

ಅವರ ಮುಖ ಅರಳಿತು. ನಾನು ಬಸ್ಸಿಗೆ ಹೊರಡುವಷ್ಟರಲ್ಲಿ ಅಪ್ಪ ಹಿತ್ತಲ ಮೂಲೆಯಲ್ಲಿ ಒಂದು ಗುಂಡಿ ತೋಡಿ, ಗೊಬ್ಬರ ತುಂಬಿ, ಕೋಳಿ ಕೆದಕದ ಹಾಗೆ ಸುತ್ತ ಮುಳ್ಳು ಇಟ್ಟಿದ್ದರು.