ಗುರುಮಲ್ಲಯ್ಯನ ಹೆಬ್ಬೆಟ್ಟು

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯ ಎದುರು ಒಂದು ಟೀ ಅಂಗಡಿ ಇದೆ. ಅದರ ಬಾಗಿಲ ಪಕ್ಕದ ಬೆಂಚು ಮೊನ್ನೆ ಮೊನ್ನೆಯವರೆಗೂ ಗುರುಮಲ್ಲಯ್ಯನದಾಗಿತ್ತು. ಬೇರೆ ಯಾರಾದರೂ ಕೂತರೆ ಅಂಗಡಿಯವನೇ ಎಬ್ಬಿಸುತ್ತಿದ್ದ. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಜೇಬಿನಲ್ಲಿ ಒಂದು ಪೆನ್ನು. ಆ ಪೆನ್ನಿನಲ್ಲಿ ಅವನು ಒಂದಕ್ಷರ ಬರೆದದ್ದನ್ನೂ ಇಲ್ಲಿನ ಆಸ್ಪತ್ರೆಗೆ ನರ್ಸಾಗಿ ಬಂದ ಹನ್ನೊಂದು ವರ್ಷದಲ್ಲಿ ನಾನು ಕಂಡಿಲ್ಲ.

ಅವನ ಕಸುಬು ನಾಡಿ ನೋಡುವುದು. ವಯಸ್ಸಿನಲ್ಲಿದ್ದಾಗ ಯಾರೋ ಡಾಕ್ಟರ ಬ್ಯಾಗು ಹೊತ್ತುಕೊಂಡು ನಾಲ್ಕು ವರ್ಷ ತಿರುಗಿದ್ದನಂತೆ. ಬ್ಯಾಗು ಹೊತ್ತವರಿಗೆಲ್ಲ ವಿದ್ಯೆ ಬರುವುದಾದರೆ ನಮ್ಮ ಆಸ್ಪತ್ರೆಯ ಆಂಬುಲೆನ್ಸ್ ಡ್ರೈವರ್ ಇಷ್ಟು ಹೊತ್ತಿಗೆ ಸರ್ಜನ್ ಆಗಬೇಕಿತ್ತು. ಆದರೂ ಕೇರಳಕ್ಕೆ ಲೋಡು ಒಯ್ಯುವ ಡ್ರೈವರುಗಳು, ಮಂಡಿಯಲ್ಲಿ ಈರುಳ್ಳಿ ಆರಿಸುವ ಹೆಂಗಸರು ಅವನ ಮುಂದೆ ಕೈ ಚಾಚಿ ಕೂರುತ್ತಿದ್ದರು. ಗಂಡಸರಿಗೆ ಬಲಗೈ, ಹೆಂಗಸರಿಗೆ ಎಡಗೈ. ಆ ಶಾಸ್ತ್ರದಲ್ಲಿ ಮಾತ್ರ ಅವನು ಒಂದು ದಿನವೂ ತಪ್ಪಿದವನಲ್ಲ. ಆಮೇಲೆ ಕಣ್ಣು ಮುಚ್ಚಿ ಮಣಿಕಟ್ಟಿನ ಮೇಲೆ ಹೆಬ್ಬೆಟ್ಟು ಒತ್ತುತ್ತಿದ್ದ.

ನರ್ಸಿಂಗ್ ಶಾಲೆಯಲ್ಲಿ ಮೊದಲ ವಾರವೇ ನಮಗೆ ಬೈದು ಬಿಡಿಸುವ ತಪ್ಪು ಇದು. ಹೆಬ್ಬೆಟ್ಟಿಗೆ ತನ್ನದೇ ಮಿಡಿತ ಉಂಟು. ಅದನ್ನು ಒತ್ತಿ ಹಿಡಿದರೆ ರೋಗಿಯ ನಾಡಿ ಎಂದುಕೊಂಡು ನಮ್ಮದನ್ನೇ ಎಣಿಸುತ್ತೇವೆ. ನಡುವಿನ ಮೂರು ಬೆರಳನ್ನು ಹಗುರವಾಗಿ ಇಡಬೇಕು. ಇಷ್ಟೂ ಗೊತ್ತಿಲ್ಲದ ಮನುಷ್ಯ ಮೂವತ್ತು ವರ್ಷ ತನ್ನ ನಾಡಿಯನ್ನೇ ಊರಿಗೆಲ್ಲ ಹಂಚಿದ. ಅವನು ಕಣ್ಣು ಮುಚ್ಚುವ ಠೀವಿಯನ್ನು ಸಿಸ್ಟರುಗಳ ಕೋಣೆಯಲ್ಲಿ ಮಾಡಿ ತೋರಿಸುವುದರಲ್ಲಿ ನಾನೇ ಮುಂದು. "ನಾಸಿರಾ, ಇನ್ನೊಂದ್ಸಲ ಮಾಡೇ" ಎಂದು ಬೃಂದಾ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಕಳೆದ ವರ್ಷ ಈರುಳ್ಳಿ ಆರಿಸುವ ಪುಟ್ಟಸಿದ್ದಮ್ಮ ಒಂದು ಬೆಳಿಗ್ಗೆ ಮೈಯೆಲ್ಲ ಬೆವತು, ತಲೆ ಸುತ್ತಿ ಅವನ ಹತ್ತಿರ ಹೋಗಿದ್ದಳು. "ಗಡಿಯಾರದಂಗೆ ಬಡೀತದೆ ಕಣವ್ವ, ಏನೂ ಇಲ್ಲ, ಓಗಿ ಮನಿಕೋ" ಎಂದು ಕಳಿಸಿದ. ಮಧ್ಯಾಹ್ನ ಆಟೋದಲ್ಲಿ ನಮ್ಮಲ್ಲಿಗೆ ತಂದಾಗ ಅವಳ ಮಣಿಕಟ್ಟಿನಲ್ಲಿ ನನಗೆ ಏನೂ ಸಿಗಲಿಲ್ಲ, ಕತ್ತಿನಲ್ಲೂ ಸಿಗಲಿಲ್ಲ. ಅಂದಿನಿಂದ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಆ ಬೆಂಚಿನ ಮುಂದೆ ಮುಖ ತಿರುಗಿಸಿಕೊಂಡೇ ಹಾಯುತ್ತಿದ್ದೆ.

ಈ ಸಲದ ಚಳಿಗಾಲದಲ್ಲಿ ಹೊಸ ಕಾಟ ಶುರುವಾಯಿತು. ಸೋಮವಾರ ಶಾಂತರಾಜು ಎಂಬ ಲಾರಿ ಡ್ರೈವರ್ ಬಂದ. "ಗುರುಮಲ್ಲಯ್ಯ ನಾಡಿ ತಪ್ತದೆ ಅಂದ್ಬುಟ್ರು ಸಿಸ್ಟ್ರೇ. ಒಂದ್ ಬಡುದ್ರೆ ಇನ್ನೊಂದ್ ಬಡಿಯಾಕಿಲ್ವಂತೆ." ನೋಡಿದೆ. ಎಪ್ಪತ್ತೆರಡು, ನೆಟ್ಟಗಿತ್ತು. ಮಂಗಳವಾರ ಮೂವರು ಬಂದರು. ಶುಕ್ರವಾರದ ಹೊತ್ತಿಗೆ ಮಂಡಿಯ ಅರ್ಧ ಜನ ಎದೆ ಹಿಡಿದುಕೊಂಡು ಸಾಲು ನಿಂತಿದ್ದರು. ಎಲ್ಲರಿಗೂ ಅವನು ಹೇಳಿದ್ದು ಒಂದೇ ರೋಗ. ನನ್ನ ಬೆರಳಿಗೆ ಮಾತ್ರ ಒಬ್ಬರ ನಾಡಿಯೂ ತಪ್ಪಿದಂತೆ ಕಾಣಲಿಲ್ಲ. ಮುದುಕನಿಗೆ ಅರಳು ಮರಳು ಎಂದು ಬೈಯುತ್ತಲೇ ಇದ್ದವಳಿಗೆ, ಹತ್ತೊಂಬತ್ತನೆಯವಳ ಕೈ ಹಿಡಿದಾಗ ಹೊಳೆಯಿತು. ತಪ್ಪುತ್ತಿದ್ದದ್ದು ಇವರ ನಾಡಿಯಲ್ಲ, ಅವನದು.

ಯೂನಿಫಾರ್ಮಿನಲ್ಲೇ ಅಂಗಡಿಗೆ ನಡೆದೆ.

"ಕೈ ಕೊಡಿ."

"ನಾನು ಕೈ ನೋಡೋನು ಕಣವ್ವ, ಕೊಡೋನಲ್ಲ."

ಎಳೆದು ಹಿಡಿದೆ. ನಾಡಿ ಎರಡು ಬಡಿದು ನಿಲ್ಲುತ್ತಿತ್ತು, ಮತ್ತೆ ನಾಲ್ಕು ಒಟ್ಟೊಟ್ಟಿಗೆ ಬಡಿಯುತ್ತಿತ್ತು. ಹೀಗೇ ಬಿಟ್ಟರೆ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ಮಿದುಳಿಗೆ ಹೋಗಿ ಲಕ್ವ ಹೊಡೆಯಬಹುದು, ಪ್ರಾಣವೂ ಹೋಗಬಹುದು ಎಂದೆ. ಅವನು ನಕ್ಕ.

"ಊರ್ಗೆಲ್ಲ ಬಂದದೆ, ಗಾಳಿ ಸರಿಯಿಲ್ಲ. ನಂಗೇನಾಗದೆ, ಬುಡು."

ಇಂಥ ಮೂರ್ಖನಿಗೆ ಬಾಯಲ್ಲಿ ಹೇಳಿ ಪ್ರಯೋಜನವಿಲ್ಲವೆಂದು ನನ್ನ ಎಡಗೈ ಚಾಚಿದೆ. ಹೆಬ್ಬೆಟ್ಟು ಒತ್ತಿದ.

"ನಿಂದೂ ತಪ್ತದೆ" ಎಂದ, ಗೆದ್ದವನ ಹಾಗೆ.

ಆ ಹೆಬ್ಬೆಟ್ಟನ್ನು ಕಿತ್ತು, ಅವನ ಮೂರು ಬೆರಳನ್ನು ನಾನೇ ಇಡಿಸಿದೆ. ಅವನು ಕಣ್ಣು ಮುಚ್ಚಿದ. ತುಂಬ ಹೊತ್ತಾದ ಮೇಲೆ ಮತ್ತೆ ಹೆಬ್ಬೆಟ್ಟು ಇಟ್ಟ, ಮತ್ತೆ ಮೂರು ಬೆರಳು ಇಟ್ಟ. ಮುಖ ಬಿಳಿಚಿಕೊಂಡಿತು.

"ಅಂಗಾರೆ ಇಷ್ಟ್ ವರ್ಸ ನಾನ್ ನೋಡ್ತಿದ್ದುದ್ದು?"

"ನಿಮ್ಮದೇ. ಏಳಿ, ಇಸಿಜಿ ತೆಗೀಬೇಕು."

ಮೈಸೂರಿಗೂ ಕಳಿಸಿದೆವು. ಮಾತ್ರೆ ನುಂಗಿಕೊಂಡು ಈಗಲೂ ಬದುಕಿದ್ದಾನೆ, ಬೆಂಚಿಗೆ ಬರುವುದಿಲ್ಲ. ಆದರೆ ಅಂದು ಆಸ್ಪತ್ರೆಗೆ ಹೋಗುವಾಗ ಆಟೋದಲ್ಲಿ ಆದದ್ದನ್ನೂ ಹೇಳಬೇಕು. ಅವನು ಹೆಬ್ಬೆಟ್ಟನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿ ಮುಚ್ಚಿಕೊಂಡು ಕೂತಿದ್ದ. ಬಸ್ ಸ್ಟ್ಯಾಂಡ್ ದಾಟಿದ ಮೇಲೆ ಕೇಳಿದ.

"ಈ ಎಬ್ಬೆಟ್ಟಿನ್ ಇಸ್ಯ ನಿಂಗ್ ಯಾವಾಗಿಂದ ಗೊತ್ತಿತ್ತವ್ವ?"

"ನಿಮ್ಮನ್ನ ನೋಡಿದ ಮೊದಲ ದಿನದಿಂದ, ಹನ್ನೊಂದು ವರ್ಷ."

"ನಾನ್ ಪುಟ್ಟಸಿದ್ದಮ್ಮನ್ ಕೈ ಇಡ್ದಾಗ್ಲೂ ಗೊತ್ತಿತ್ತಾ?"

"ಗೊತ್ತಿತ್ತು" ಎಂದೆ.

ನಾಚಿಕೆಯಿಂದ ನನಗೆ ಅವನ ಮುಖ ನೋಡಲಾಗದೆ, ಆಸ್ಪತ್ರೆ ಬರುವವರೆಗೂ ರಸ್ತೆಯನ್ನೇ ನೋಡುತ್ತ ಕೂತಿದ್ದೆ.