ವ್ಯಾನಕ್ಕನ ಎರಡನೇ ಆಪರೇಷನ್

"ಆಪರೇಷನ್" ಎನ್ನುವ ಪದಕ್ಕೆ ನಮ್ಮ ಹೆಂಗಸರ ಬಾಯಲ್ಲಿ ಒಂದೇ ಅರ್ಥ. ಕಣ್ಣಿನದಾದರೆ ಪೊರೆ ತೆಗೆಸಿದ್ದು, ಹೊಟ್ಟೆಯದಾದರೆ ಕಲ್ಲು ತೆಗೆಸಿದ್ದು ಎಂದು ಬಿಡಿಸಿ ಹೇಳುತ್ತಾರೆ. ಹಿಂದೆ ಮುಂದೆ ಏನೂ ಸೇರಿಸದೆ "ನಂದು ಆಪರೇಷನ್ ಆಗಿದೆ" ಎಂದರೆ, ಮಕ್ಕಳು ಸಾಕೆಂದು ನಾಳ ಕಟ್ಟಿಸಿಕೊಂಡಿದ್ದಾಳೆ ಎಂದೇ ತಿಳಿಯಬೇಕು. ಹಾಗಾಗಿ ಒಂದು ಭಾನುವಾರ ಅಡುಗೆಮನೆಯಲ್ಲಿ ಬೀನ್ಸ್ ಮುರಿಯುತ್ತ ವ್ಯಾನಕ್ಕ, "ಅತ್ತೆ, ಆಪರೇಷನ್ ಮಾಡಿಸ್ಕೊಳ್ಳೋಣ ಅಂತಿದೀನಿ" ಎಂದಾಗ ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟರು.

"ಮತ್ತೆ ಯಾಕೆ? ಹೋದ ಸಲ ಅವರು ಸರಿಯಾಗಿ ಮಾಡ್ಲಿಲ್ವಾ?"

"ಸರಿಯಾಗೇ ಮಾಡಿದ್ರು. ಇದು ಅದನ್ನ ಬಿಚ್ಚಿಸೋ ಆಪರೇಷನ್ನು. ಕಟ್ಟಿರೋ ನಾಳಾನ ಮತ್ತೆ ಜೋಡಿಸ್ತಾರಂತೆ."

"ಆಪರೇಷನ್ ಬಿಚ್ಚೋಕೆ ಆಪರೇಷನ್ನಾ! ಆಮೇಲೆ ಮತ್ತೆ ಕಟ್ಟಿಸೋಕೆ ಇನ್ನೊಂದು. ಅದರ ಬದಲು ಒಂದು ಜಿಪ್ ಹಾಕಿಸ್ಕೊಂಡುಬಿಡು ತಾಯಿ!" ಅತ್ತೆ ತಮ್ಮ ಮಾತಿಗೆ ತಾವೇ ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ, "ನನ್ನ ಮಗ ಕೇಳಿದ್ನಾ?" ಎಂದರು.

"ಅವರೆಲ್ಲಿ ಬಾಯಿ ಬಿಡ್ತಾರೆ? ಆದ್ರೆ ಅವರಿಗೋಸ್ಕರಾನೇ."

ವ್ಯಾನಕ್ಕನಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೇ ಇದೆ, ಆದರೆ ಆ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುವುದಿಲ್ಲ. ಬೆಳಿಗ್ಗೆ ಓಣಿ ಓಣಿ ಸುತ್ತಿ ಶಾಲೆ ಮಕ್ಕಳನ್ನು ಹತ್ತಿಸಿಕೊಳ್ಳುವುದು, ಸಂಜೆ ಅವರವರ ಮನೆಗೆ ಇಳಿಸುವುದು ಅವಳ ಕೆಲಸ. ಮುಂದಿನ ಕನ್ನಡಿಯಲ್ಲಿ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಯಾರು ಟಿಫನ್ ಬಾಕ್ಸ್ ಮರೆತು ಬಂದಿದ್ದಾರೆ, ಯಾರು ಯಾರ ಜಡೆ ಎಳೆದರು ಎಲ್ಲ ಗೊತ್ತಾಗುತ್ತದೆ. ಮಕ್ಕಳು ವ್ಯಾನಕ್ಕ ಎಂದರು, ತಾಯಂದಿರೂ ವ್ಯಾನಕ್ಕ ಎಂದರು, ಕೊನೆಗೆ ಟ್ರಾಫಿಕ್ ಪೊಲೀಸೂ ಹಾಗೇ ಕರೆದು ಗದರಿಸತೊಡಗಿದ.

ಚಿಕ್ಕ ವಯಸ್ಸಿಗೇ ಮದುವೆಯಾಗಿ, ಒಂದೇ ಬಸುರಿಗೆ ಅವಳಿ ಹೆಣ್ಣುಮಕ್ಕಳನ್ನು ಹೆತ್ತವಳು. ಎರಡಾಯಿತಲ್ಲ, ಆಪರೇಷನ್ ಮಾಡಿಬಿಡೋಣವೇ ಎಂದು ಡಾಕ್ಟರು ಕೇಳಿದಾಗ ಆಗಿನ ಅತ್ತೆ ಹೂಂ ಎಂದರು, ಆಗಿನ ಗಂಡ ತಲೆಯಾಡಿಸಿದ. ಎರಡು ಕೂಸುಗಳ ನಡುವೆ ಕಣ್ಣು ಬಿಡಲಾರದೆ ಬಿದ್ದಿದ್ದ ಇವಳೂ ಹೂಂಗುಟ್ಟಿದಳು. ಯಾವುದಕ್ಕೆ ಹೂಂ ಎಂದೆ ಎನ್ನುವುದು ಆಮೇಲೆ ಗೊತ್ತಾಯಿತು. ಆ ಗಂಡ ಕೆಲವೇ ವರ್ಷಗಳಲ್ಲಿ ಇನ್ನೊಂದು ಸಂಸಾರ ಹುಡುಕಿಕೊಂಡು ಹೋದ. ಅವನ ಸುದ್ದಿ ನಮಗೆ ಇಷ್ಟು ಸಾಕು.

ಈಗಿನ ಗಂಡ ಲಿಫ್ಟ್ ಮೆಕ್ಯಾನಿಕ್. ವ್ಯಾನು ನಿಲ್ಲುವ ಒಂದು ದೊಡ್ಡ ಕಟ್ಟಡದ ಕೆಳಗೇ ಇಬ್ಬರಿಗೂ ಪರಿಚಯವಾದದ್ದು. ಮಾತು ಬಲು ಕಮ್ಮಿ. ಮದುವೆಯ ಪ್ರಸ್ತಾಪವನ್ನೂ ಟೂಲ್‌ಬಾಕ್ಸ್ ಮುಚ್ಚುತ್ತ, ನೆಲ ನೋಡಿಕೊಂಡೇ ಮಾಡಿದವನು. ಅವಳಿಯರನ್ನು ತನ್ನ ಮಕ್ಕಳೆಂದೇ ಸಾಕುತ್ತಿದ್ದಾನೆ. ಆದರೆ ರಜೆಯ ದಿನ ವ್ಯಾನಿನ ಬಳಿ ಬಂದು ನಿಂತು, ಎಲ್ಲರಿಗಿಂತ ಚಿಕ್ಕ ಪುಟಾಣಿಯ ಶೂ ಲೇಸ್ ಕಟ್ಟುವುದನ್ನು ವ್ಯಾನಕ್ಕ ಕನ್ನಡಿಯಲ್ಲಿ ನೋಡಿದ್ದಳು. ಪಾಪ, ಇವರಿಗೂ ತಮ್ಮದೊಂದು ಕೂಸು ಬೇಕು ಎನಿಸಿರಬೇಕು ಎಂದುಕೊಂಡಳು. ಅಂದಿನಿಂದ ಆ ಯೋಚನೆ ಅವಳನ್ನು ಬಿಡಲೇ ಇಲ್ಲ.

ಲೇಡಿ ಡಾಕ್ಟರು ಯಾವುದನ್ನೂ ಮುಚ್ಚಿಡಲಿಲ್ಲ.

"ಜೋಡಿಸಬಹುದು. ನಾಳ ಎಷ್ಟು ಉಳಿದಿದೆ ಅನ್ನೋದು ಒಳಗೆ ನೋಡಿದ್ಮೇಲೇ ಸರಿಯಾಗಿ ಗೊತ್ತಾಗೋದು. ಜೋಡಿಸಿದ್ರೂ ಬಸುರಾಗ್ತೀರಿ ಅಂತ ಖಾತ್ರಿ ಕೊಡಕ್ಕಾಗಲ್ಲ. ಕೆಲವರಿಗೆ ಗರ್ಭ ಗರ್ಭಕೋಶಕ್ಕೆ ಇಳೀದೆ ನಾಳದಲ್ಲೇ ಕೂತ್ಬಿಡುತ್ತೆ, ಅದು ಅಪಾಯ. ಮೂವತ್ತನಾಲ್ಕು ಅಂದ್ರೆ ತಡವೇನಲ್ಲ, ಆದ್ರೆ ಹಾಗೇ ಕೂತಿರೋ ವಯಸ್ಸೂ ಅಲ್ಲ. ಮನೇಲಿ ಮಾತಾಡ್ಕೊಂಡು ಬನ್ನಿ."

ಗಂಡ ತಲೆಯೆತ್ತಿ ಫ್ಯಾನನ್ನೇ ನೋಡುತ್ತ ಕುಳಿತಿದ್ದ. ವ್ಯಾನಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ನನ್ನ ಹೊಟ್ಟೆ ಕೊಯ್ಯುವ ಮಾತು ನಡೆಯುತ್ತಿದೆ, ಈ ಮಹಾರಾಯರಿಗೆ ಫ್ಯಾನಿನ ಬೇರಿಂಗ್ ಚಿಂತೆ!

ವಾಪಸು ಬರುವಾಗ ಖಾಲಿ ವ್ಯಾನಿನಲ್ಲಿ ಅವಳ ಪಕ್ಕದ ಸೀಟಿನಿಂದ ಅಂತೂ ಒಂದು ಮಾತು ಹೊರಬಿತ್ತು.

"ನಂಗೆ ಮಗು ಬೇಡ ಕಣೆ. ಬಿಟ್ಬಿಡೋಣ."

"ಏನಂದ್ರಿ?"

"ನಂಗೆ ಇಬ್ರು ಮಕ್ಕಳಿದಾರೆ, ಸಾಕು. ಹೆಂಡ್ತಿ ಇರೋದು ಒಬ್ಳೇ. ಡಾಕ್ಟರು ಅಪಾಯ ಅಂದಾಗ ಕೈಕಾಲೇ ತಣ್ಣಗಾಗೋಯ್ತು."

"ಮತ್ತೆ ಆ ಪುಟಾಣಿಗೆ ಲೇಸ್ ಕಟ್ತಿದ್ದಿದ್ದು?"

"ಬಿಚ್ಚಿತ್ತು, ಕಟ್ಟಿದೆ."

"ಇಷ್ಟು ದಿನ ಹೇಳೋಕೇನಾಗಿತ್ತು? ಬಾಯಲ್ಲಿ ಅವಲಕ್ಕಿ ಇತ್ತಾ?"

"ನೀನೇ ಹೊರಟೆ. ನಿಂಗೆ ಬೇಕೇನೋ ಅಂತ ಜೊತೆಗೆ ಬಂದೆ."

ಇಂಥ ಮಾತು ಕೇಳಿದ ಯಾವ ಹೆಂಡತಿಯಾದರೂ ಕರಗಿ ನೀರಾಗಬೇಕು. ಕತ್ತಿ ತಪ್ಪಿತು, ಅಪಾಯ ತಪ್ಪಿತು, ಗಂಡನ ಬಾಯಲ್ಲಿ ವರ್ಷದ ಮಾತೆಲ್ಲ ಒಂದೇ ದಿನ ಬಂತು. ವ್ಯಾನಕ್ಕ ಮಾತ್ರ ವ್ಯಾನನ್ನು ರಸ್ತೆಯ ಪಕ್ಕಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಗೊಳೋ ಎಂದು ಅತ್ತಳು. ನಡುವೆ ಹಾರ್ನಿಗೆ ಹಣೆ ತಾಗಿ ಪೋಂ ಎಂದಿತು. ಮುಂದೆ ಹೋಗುತ್ತಿದ್ದ ಸೈಕಲ್ಲಿನವನು ಬೆಚ್ಚಿಬಿದ್ದ.

ಮೆಕ್ಯಾನಿಕ್ಕು ಗಾಬರಿಯಾದ. ತಾನು ಎಲ್ಲಿ ತಪ್ಪಿದೆ ಎಂದು ಹುಡುಕಿದ. ಆಮೇಲೆ ಹೆದರುತ್ತಲೇ ಕೇಳಿದ: "ಹಂಗಾದ್ರೆ… ನಿಂಗೇ ಬೇಕಾ?"

ಇದನ್ನು ಯಾರೂ ಕೇಳಿರಲಿಲ್ಲ. ಅವಳೂ ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಭುಜಕ್ಕೆ ಬರುವಷ್ಟು ಬೆಳೆದ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಈಗ ನನಗೊಂದು ಕೂಸು ಬೇಕು ಎನ್ನುವುದಕ್ಕೆ ನಾಚಿಕೆ. ಆ ಆಸೆಯನ್ನು ಗಂಡನ ಹೆಸರಿಗೆ ಬರೆದು ಹಾಯಾಗಿದ್ದಳು. ಅವನು ಬೇಡ ಎಂದದ್ದೇ ತಡ, ಆಸೆ ವಾಪಸು ಬಂದು ಅವಳ ಮಡಿಲಲ್ಲೇ ಕುಳಿತಿತ್ತು.

"ಬೇಕು," ಎಂದಳು. "ಅವಳಿಗಳು ಹುಟ್ಟಿದಾಗ ಒಂದನ್ನ ನಮ್ಮಮ್ಮ ಎತ್ಕೊಂಡ್ಳು, ಇನ್ನೊಂದನ್ನ ಆಗಿನ ಅತ್ತೆ ಎತ್ಕೊಂಡ್ರು. ಒಂದಕ್ಕೆ ಹಾಲು ಕೊಡ್ತಿದ್ರೆ ಇನ್ನೊಂದು ಅಳೋದು, ಯಾರೋ ಬಂದು ಇದನ್ನ ಕಿತ್ಕೊಂಡು ಅದನ್ನ ಕೊಡೋರು. ಯಾವಳು ಮೊದಲು ನಡೆದ್ಳು ಅಂತ ನಂಗೆ ಗೊತ್ತಿಲ್ಲ ಕಣ್ರೀ, ಕೇಳಿ ತಿಳ್ಕೊಂಡೆ. ಒಂದೇ ಒಂದು ಮಗೂನ ಅವಸರ ಇಲ್ದೆ ನೋಡ್ಬೇಕು, ಅಷ್ಟೇ. ಆಗದೇ ಇದ್ರೆ ಇಲ್ಲ. ಆದ್ರೆ ಒಂದು ಸಲ ನೋಡೇಬಿಡ್ಬೇಕು."

ಅವನು ಕೈ ಚಾಚಿ, ಹ್ಯಾಂಡ್‌ಬ್ರೇಕ್ ಸರಿಯಾಗಿ ಬಿದ್ದಿದೆಯೇ ಎಂದು ನೋಡಿದ. "ನಂಗೆ ಭಯ ಆಗುತ್ತೆ," ಎಂದ.

"ನಂಗೂ ಆಗುತ್ತೆ."

"ಸರಿ. ಇಬ್ರೂ ಭಯಪಟ್ಕೊಂಡೇ ಮಾಡಿಸೋಣ. ಡಾಕ್ಟರು ಹೇಳೋ ಪರೀಕ್ಷೆ ಎಲ್ಲಾ ಮೊದಲು ಮಾಡಿಸ್ಬೇಕು, ಅದರಲ್ಲಿ ಮಾತ್ರ ಅವಸರ ಬೇಡ."

ಮನೆಯಲ್ಲಿ ಅತ್ತೆ, ಅವಳಿಯರು ಮೂವರೂ ಬಾಗಿಲಲ್ಲೇ ಕಾಯುತ್ತಿದ್ದರು. ವ್ಯಾನಕ್ಕ ಚಪ್ಪಲಿಯನ್ನೂ ಬಿಡದೆ, ಇದು ನನ್ನದೇ ಆಸೆ, ಇವರದಲ್ಲ ಎಂದು ಹೇಳಿಬಿಟ್ಟಳು. ಹೇಳಿದ ಮೇಲೆ ಕಿವಿಯವರೆಗೂ ಕೆಂಪಾದಳು. ಅವಳಿಯರು ಮುಖ ಮುಖ ನೋಡಿಕೊಂಡರು.

"ತೊಟ್ಟಿಲು ನಮ್ಮ ರೂಮಿಗೆ ಬರಲ್ಲ ತಾನೇ?" ಎಂದಳು ಒಬ್ಬಳು.

"ಮತ್ತೆ ಎರಡೆರಡು ಹುಟ್ಟಿದ್ರೆ?" ಎಂದಳು ಇನ್ನೊಬ್ಬಳು.

"ಬಾಯಿ ಮುಚ್ಚೇ!" ಎಂದ ವ್ಯಾನಕ್ಕನಿಗೆ ನಗು ತಡೆಯಲಾಗಲಿಲ್ಲ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಸೊಸೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಈಗ ಒಂದು ಬೈಗುಳ ಬಂತು ಎಂದುಕೊಂಡು ಅವಳಿಯರು ಒಂದು ಹೆಜ್ಜೆ ಹಿಂದೆ ಸರಿದರು.

"ಎಲ್ಲಾ ನಿಂದೇ ಅಂತೀಯ, ಸರಿ ತಾಯಿ. ದೇವರು ಕೊಟ್ರೆ ನಂಗೆ ಒಂದು ಗಳಿಗೆ ಎತ್ಕೊಳ್ಳೋಕಾದ್ರೂ ಕೊಡ್ತೀಯೋ, ಇಲ್ವೋ?"

ವ್ಯಾನಕ್ಕ ಕಣ್ಣೊರೆಸಿಕೊಂಡಳು.

"ಕೇಳಿದ್ರೆ ಕೊಡ್ತೀನಿ ಅತ್ತೆ."