ಬಲಗಡೆಯ ಉಸಿರು

ಕತ್ತರಿಯ ಎರಡು ಅಲಗುಗಳನ್ನು ಕೂಡಿಸುವ ಕೆಲಸದಲ್ಲೇ ಕುಮಾಕುರಾ ತೇಯ್ಜಿ ನಲವತ್ತೊಂದು ವರ್ಷ ಕಳೆದ. ನಮ್ಮ ಸಾಂಜೋ ಪಟ್ಟಣದಲ್ಲಿ ಕಬ್ಬಿಣ ಬಡಿಯದ ಕೈಗಳು ಕಡಿಮೆ, ಆದರೆ ಅವನ ಕಿವಿಯಂಥ ಕಿವಿ ಇನ್ನೊಂದಿರಲಿಲ್ಲ. ಕೂಡಿಸಿದ ಕತ್ತರಿಯನ್ನು ಕಿವಿಯ ಪಕ್ಕ ಹಿಡಿದು ಒಮ್ಮೆ ಮುಚ್ಚುತ್ತಿದ್ದ. ಸದ್ದು ಬುಡದಿಂದ ತುದಿಯವರೆಗೆ ಒಂದೇ ಎಳೆಯಾಗಿ ಹರಿದರೆ ಡಬ್ಬಿಗೆ ಹೋಗುತ್ತಿತ್ತು. ಕೂದಲಿನಷ್ಟು ಮುಗ್ಗರಿಸಿದರೂ ಮತ್ತೆ ಸುತ್ತಿಗೆಯ ಕೆಳಗೆ.

ನಾನು ಅದೇ ಬೀದಿಯಲ್ಲಿ ಕರೆಂಟು ಸಾಮಾನಿನ ಅಂಗಡಿ ಇಟ್ಟುಕೊಂಡವನು. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಲಿಲ್ಲ. ಬೆಸುಗೆ ಹಾಕುವುದನ್ನು ಬೆರಳು ಸುಟ್ಟುಕೊಂಡೇ ಕಲಿತೆ. ಕುಮಾಕುರಾನ ಮನೆಯ ಆಂಪ್ಲಿಫೈಯರು ನನ್ನ ಕೈಯಲ್ಲೇ ಹುಟ್ಟಿದ್ದು.

ಅವನ ಹೆಂಡತಿ ಸೆತ್ಸು ಪಟ್ಟಣದ ಹೆಂಗಸರ ಮೇಳದಲ್ಲಿ ಹಾಡುತ್ತಿದ್ದಳು. ಇಪ್ಪತ್ತೆರಡು ಜನ. ಒಬ್ಬಳ ದನಿ ಇನ್ನೊಬ್ಬಳಿಗಿಂತ ಎದ್ದು ಕಾಣಬಾರದೆಂದು ಹಾಡಿನ ಮೇಷ್ಟರದು ಕಟ್ಟುನಿಟ್ಟು. ಅವಳು ತೀರಿಕೊಳ್ಳುವ ಹಿಂದಿನ ವರ್ಷ ಸಭಾಭವನದಲ್ಲಿ ಆ ಮೇಳದ ಹಾಡುಗಳನ್ನು ಒಂದು ಸಿ.ಡಿ.ಗೆ ಹಿಡಿದಿದ್ದರು. ಅವಳು ಹೋದ ಮೇಲೆ ಕುಮಾಕುರಾ ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ಹಾಕಿ ಕೂರುತ್ತಿದ್ದ. ಭಾನುವಾರ ಕಾರ್ಖಾನೆಗಳಿಗೆ ರಜೆ, ಅಂದು ಕರೆಂಟು ತಿಳಿಯಾಗಿರುತ್ತದೆ ಎಂದು ಅವನ ನಂಬಿಕೆ. ನನ್ನದೂ ಅದೇ.

ಇಪ್ಪತ್ತೆರಡು ದನಿಗಳೊಳಗೆ ಹೆಂಡತಿಯ ದನಿಯನ್ನು ಆ ಕಿವಿಗೂ ಬಿಡಿಸಿಕೊಳ್ಳಲಾಗಲಿಲ್ಲ. ಆದರೆ ಮೂರನೇ ಹಾಡಿನಲ್ಲಿ, ಒಂದು ಚರಣ ಮುಗಿದು ಇನ್ನೊಂದು ಶುರುವಾಗುವ ಮುಂಚೆ, ಯಾರೋ ಸಣ್ಣಗೆ ಉಸಿರೆಳೆದುಕೊಳ್ಳುತ್ತಾರೆ.

"ಕೇಳಿಸ್ತಾ ಕರೆಂಟಣ್ಣ?" ಎಂದು ಮೊದಲ ಸಲ ನನ್ನ ತೋಳು ಹಿಡಿದ.

"ಯಾರೋ ಉಸಿರೆಳ್ಕೊಂಡಂಗಾಯ್ತು."

"ಯಾರೋ ಅಲ್ಲ ಕಣಣ್ಣ. ಬಲಗಡೆಯಿಂದ ಬಂತು ನೋಡು. ಅಲ್ಲಿ ನಿಂತಿದ್ದೋಳು ಅವ್ಳೇ."

ತೀರಿಹೋದವರನ್ನು ಪೂಜಿಸುವ ಪೀಠದ ಪಕ್ಕ ಆ ದಿನದ ಫೋಟೋ ಇತ್ತು. ಬಲಗಡೆಯಿಂದ ಎರಡನೆಯವಳು ಸೆತ್ಸು. ಅಂದಿನಿಂದ ಆ ಗಳಿಗೆ ಬಂದಾಗೆಲ್ಲ ಅವನು ಬಲಕ್ಕೆ ತಿರುಗಿ, ಬಾಗಿಲಿಗೆ ಬಂದವರನ್ನು ಒಳಗೆ ಕರೆಯುವಂತೆ "ಹೂಂ" ಎನ್ನುತ್ತಿದ್ದ. ನೋಡಿದರೆ ನನ್ನ ಮೈ ಜುಮ್ಮೆನ್ನುತ್ತಿತ್ತು. ಆದರೂ ಆ ಒಂದು "ಹೂಂ"ನಿಂದಲೇ ಅವನು ವಾರವಿಡೀ ಅನ್ನ ಬೇಯಿಸಿಕೊಂಡು, ಬಟ್ಟೆ ಒಗೆದುಕೊಂಡು ಬದುಕಿದ್ದಾನೆ ಎಂದು ನನಗೆ ಗೊತ್ತಿತ್ತು.

ಮೂರು ವರ್ಷಕ್ಕೆ ಸಿ.ಡಿ. ಪ್ಲೇಯರಿನ ಕಣ್ಣು ಮಂಜಾಯಿತು. ಹಾಡು ನಡುವೆ ತಡವರಿಸತೊಡಗಿತು. ಬಿಡಿಭಾಗ ಎಲ್ಲೂ ಸಿಗಲಿಲ್ಲ. ರೈಲು ನಿಲ್ದಾಣದ ಎದುರು ಆಡಿಯೋ ಅಂಗಡಿ ಇಟ್ಟಿರುವ ನಾಂಜೋ, "ಇನ್ನು ಸ್ಟ್ರೀಮರ್ ತಗೊಳ್ಳಿ. ನಿಮ್ಮ ಸಿ.ಡಿ.ನ ಅದರ ಹೊಟ್ಟೇಲಿ ಇಟ್ಟುಕೊಡ್ತೀನಿ. ಬಾಕಿ ಹಾಡು ಇಂಟರ್ನೆಟ್ಟಿಂದ ಬರುತ್ತೆ," ಎಂದ. ಮೂರು ಪೆಟ್ಟಿಗೆಗಳನ್ನು ಮೂರು ಭಾನುವಾರ ಮನೆಗೇ ತಂದು ಕೇಳಿಸುವುದಾಗಿ ಮಾತಾಯಿತು. "ಮದುವೆಗಿಂತ ವಾಸಿ ಕುಮಾಕುರಾ ಸಾನ್, ಹಿಡಿಸದಿದ್ರೆ ವಾಪಸ್ ಕೊಡಬೋದು."

"ನನಗೆ ಬೇಕಾಗಿರೋದು ಒಂದೇ ಉಸಿರು," ಎಂದ ಕುಮಾಕುರಾ. "ಅದು ಕಳೆದುಹೋಗಬಾರದು."

ಮೊದಲ ಭಾನುವಾರ ನಾಂಜೋ ಬಂದು, ಪ್ಲೇಯರಿನಿಂದ ಆಂಪ್ಲಿಫೈಯರಿಗೆ ನಾನು ಕೈಯಾರೆ ಹೆಣೆದಿದ್ದ ವೈರನ್ನು ಬಿಚ್ಚಿ ಎತ್ತಿ ಹಿಡಿದ. "ಇದ್ಯಾರು ಮಾಡಿದ್ದು?"

"ನಾನು."

"ಗಟ್ಟಿಯಾಗಿದೆ. ಹೊಳೇಲಿ ದೋಣಿ ಕಟ್ಟೋಕಾಗುತ್ತೆ."

ತನ್ನ ವೈರು ಸಿಕ್ಕಿಸಿ ಹೋದ. ಮೂರನೇ ಹಾಡು ಬಂತು. ಕುಮಾಕುರಾ ಬಲಕ್ಕೆ ತಿರುಗಿ ಬಾಯಿ ತೆರೆದಿದ್ದ. ಉಸಿರು ಎಡದಿಂದ ಬಂತು. ಬೆನ್ನ ಹಿಂದೆ ಯಾರೋ ಬಂದು ನಿಂತಂತೆ ಅವನು ಬೆಚ್ಚಿ ತಿರುಗಿದ.

"ಅವ್ಳು ಜಾಗ ಬಿಟ್ಟು ಎದ್ದಿದಾಳೆ," ಎಂದ.

"ಪೆಟ್ಟಿಗೇದೇ ಏನೋ ದೋಷ ಇರ್ಬೇಕು," ಎಂದೆ ನಾನು.

ಎರಡನೇ ಭಾನುವಾರದ ಪೆಟ್ಟಿಗೆಯೂ ಎಡಗಡೆಯೇ ಉಸಿರಾಡಿತು. ಆ ವಾರ ಕುಮಾಕುರಾ ಇಳಿದುಹೋದ. ಚಾಪೆಯನ್ನು ಗೋಡೆಗೆ ಎಳೆದುಕೊಂಡು, ಬೆನ್ನಿಗೆ ಗೋಡೆ ಆನಿಸಿಕೊಂಡೇ ಕೂರುತ್ತಿದ್ದ. "ಮನೇಲಿ ಇನ್ಯಾರೋ ಇದಾರೆ ಕರೆಂಟಣ್ಣ. ಸೆತ್ಸು ಹಿಂಗೆ ಹೆದರಿಸೋಳಲ್ಲ," ಎಂದ. ಅಡುಗೆ ಒಲೆ ಎರಡು ದಿನದಿಂದ ಹತ್ತಿರಲಿಲ್ಲ.

ನಾಂಜೋನ ಪೆಟ್ಟಿಗೆಗಳ ಹುಳುಕು ತೋರಿಸಬೇಕೆಂದು ನನ್ನ ಹಳೆಯ ವೈರನ್ನು ಅಂಗಡಿಗೆ ತಂದು ಪರೀಕ್ಷೆಗೆ ಹಚ್ಚಿದೆ. ಮೀಟರಿನ ಮುಳ್ಳು ಅಲುಗಾಡಿದ್ದು ಇರಬೇಕಾದ ಕಡೆಯಲ್ಲಲ್ಲ. ಒಂದು ತುದಿಯಲ್ಲಿ ಬಲಗಡೆಯ ಕೆಂಪು ಎಡಗಡೆಯ ಬಿಳಿಯ ಜಾಗದಲ್ಲಿ ಕೂತಿತ್ತು, ಬಿಳಿ ಕೆಂಪಿನ ಜಾಗದಲ್ಲಿ. ಸೆತ್ಸುವಿನ ನಲವತ್ತೊಂಬತ್ತನೇ ದಿನದ ಕಾರ್ಯದ ವಾರ, ಕುಮಾಕುರಾನಿಗೆ ಏನಾದರೂ ಕೊಡಬೇಕೆನಿಸಿ ಮಾಡಿದ ವೈರು ಅದು. ಬೆಸೆಯುವಾಗ ಕಣ್ಣು ಮಂಜಾಗಿತ್ತು. ಅವನ ಮಿಕ್ಕ ಹಾಡುಗಳೆಲ್ಲ ಎಡಬಲ ಬೇರೆಯಿಲ್ಲದ ಹಳೇ ಕಾಲದವು. ಹಾಗಾಗಿ ಮೂರು ವರ್ಷ ಯಾರಿಗೂ ತಿಳಿಯಲಿಲ್ಲ.

ಫೋಟೋ ಕಣ್ಣ ಮುಂದೆ ಬಂತು. ಎಡಗಡೆಯಿಂದ ಎರಡನೆಯವಳು ಕಿಯೋ, ಪಕ್ಕದ ಬೀದಿಯಲ್ಲಿ ತೋಫು ಮಾಡಿ ಮಾರುವವಳು. ಗಟ್ಟಿಮುಟ್ಟಾಗಿ ಬದುಕಿದ್ದಾಳೆ.

ಅವಳ ಅಂಗಡಿಗೆ ಹೋಗಿ ನಿಂತೆ. ಬಕೀಟು ಎತ್ತುವ ಮುಂಚೆ ಅವಳು ಹಲ್ಲಿನ ಸಂದಿನಿಂದ ಸುಯ್ಯೆಂದು ಗಾಳಿ ಎಳೆದುಕೊಂಡಳು. ಅದೇ ಉಸಿರು. ಬದುಕಿರುವವಳ ಬಾಯಿಂದ ಸತ್ತವಳು ಉಸಿರಾಡಿದಂತಿತ್ತು.

"ಏನಪ್ಪಾ ಕರೆಂಟಣ್ಣ, ನನ್ ಬಾಯಿ ನೋಡ್ಕೊಂಡು ನಿಂತಿದೀಯ? ಈ ವಯಸ್ಸಲ್ಲಿ ಹುಚ್ಚು ಹಿಡೀತಾ?"

"ಒಂದು ತೋಫು ಕೊಡಮ್ಮ," ಎಂದಷ್ಟೇ ಹೇಳಿ ಬಂದೆ.

ಮೂರನೇ ಭಾನುವಾರ, ಮೂರರಲ್ಲಿ ಎಲ್ಲಕ್ಕಿಂತ ದುಬಾರಿಯಾದ ಪೆಟ್ಟಿಗೆ ಬಂದಿತ್ತು. ನಾಂಜೋ ಹೋದ ಮೇಲೆ ಕುಮಾಕುರಾನ ಮುಂದೆ ಮಂಡಿಯೂರಿ, ವೈರನ್ನು ಚಾಪೆಯ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ತಲೆ ನೆಲಕ್ಕೆ ತಾಗಿಸಿದೆ. ಅವನು ವೈರನ್ನು ಎತ್ತಿ ಎರಡೂ ತುದಿ ತಿರುಗಿಸಿ ನೋಡಿದ.

"ಮೂರು ವರ್ಷ ನಾನು ತೋಫು ಅಕ್ಕನಿಗೆ ಹೂಂಗುಟ್ಟಿದೀನಿ," ಎಂದ ಕೊನೆಗೆ.

"ಬೇಕಾದ್ರೆ ಇದಕ್ಕೂ ನನ್ ವೈರೇ ಹಾಕ್ತೀನಿ ಕಣೋ. ಬಲಕ್ಕೇ ಬರುತ್ತೆ."

"ಹಾಕು."

ಹಾಕಿದೆ. ಉಸಿರು ಬಲದಿಂದ ಬಂತು, ಎಂದಿಗಿಂತ ಹತ್ತಿರವಾಗಿ, ಹಲ್ಲಿನ ಸಂದಿಯ ಸುಯ್ಯೆನ್ನುವಿಕೆಯ ಸಮೇತ. ಕುಮಾಕುರಾ ತಿರುಗಲಿಲ್ಲ.

"ತೆಗಿ. ಅದು ಬಕೀಟು ಎತ್ತೋ ಉಸಿರು. ಗೊತ್ತಾದ್ಮೇಲೆ ಮುಗೀತು." ನಾನು ವೈರು ಬಿಚ್ಚುತ್ತಿದ್ದಾಗ ಹೇಳಿದ, "ಸೆತ್ಸು ಅಡುಗೆಮನೇಲಿ ಬಾಯಿ ಮುಚ್ಕೊಂಡು ಅಭ್ಯಾಸ ಮಾಡೋಳು. ಉಸಿರು ಕೇಳಿಸಿದ್ರೆ ಮೇಷ್ಟ್ರು ಬೈತಾರೆ ಅಂತ. ನಾನು ಮರ್ತೇಬಿಟ್ಟಿದ್ದೆ. ಅವ್ಳ ಉಸಿರು ಕೇಳ್ಸೋಕೆ ಸಾಧ್ಯಾನೇ ಇಲ್ಲ."

ನಾಂಜೋನ ವೈರು ಮತ್ತೆ ಸಿಕ್ಕಿಸಿದೆ. ಕುಮಾಕುರಾ ಈ ಸಲ ಕಣ್ಣು ಮುಚ್ಚಿ, ಕತ್ತರಿ ಹಿಡಿದಿದ್ದ ಕಾಲದ ಹಾಗೆ ತಲೆ ಓರೆ ಮಾಡಿ ಬಲಗಡೆಯನ್ನಷ್ಟೇ ಕೇಳಿದ. ಮತ್ತೆ ಹಾಕು ಎಂದ. ಆರು ಸಲ ಹಾಕಿದೆ.

"ಬಲಗಡೆ ಕಟ್ಟಕಡೇಲಿ ಯಾರದೋ ಗಂಟ್ಲು ಗೊರಗೊರ," ಎಂದು ಫೋಟೋದ ಮೇಲೆ ಬೆರಳಿಟ್ಟು ತೋರಿಸಿದ. "ಇಲ್ಲಿ, ಮೂರನೆಯವಳದು, ಬಟ್ಟೆ ಸರಬರ. ನಡುವೆ?"

ನಾನೂ ಕಿವಿಗೊಟ್ಟೆ. ಹಿಂದಿನ ಎರಡು ಪೆಟ್ಟಿಗೆಗಳಲ್ಲಿ ಆ ಎರಡು ಸದ್ದುಗಳು ಒಂದರ ಮೇಲೊಂದು ಚೆಲ್ಲಿಕೊಂಡಿದ್ದವು. ಇದರಲ್ಲಿ ಎರಡೂ ತಂತಮ್ಮ ಕಡೆ ನಿಂತುಬಿಟ್ಟಿದ್ದವು, ಯಾರನ್ನೋ ತಾಗಬಾರದೆಂದು ಸರಿದು ನಿಂತವರಂತೆ. ನಡುವೆ ಏನೂ ಇರಲಿಲ್ಲ.

"ಏನೂ ಇಲ್ಲ ಕಣೋ."

"ಹೌದು. ಅಷ್ಟು ಸದ್ದಿಲ್ದೆ ನಿಲ್ಲೋಕೆ ಅವ್ಳೊಬ್ಳಿಗೇ ಬರ್ತಿದ್ದಿದ್ದು." ಎದ್ದು ಪೆಟ್ಟಿಗೆಯ ಮೇಲಿನ ಬೆಲೆಚೀಟಿ ಕಿತ್ತು ನನ್ನ ಕೈಗಿಟ್ಟ. "ನಾಂಜೋಗೆ ಹೇಳು, ಇದು ವಾಪಸ್ ಹೋಗಲ್ಲ."

ಅಂದು ಮಧ್ಯಾಹ್ನ ಅವನ ಒಲೆ ಹತ್ತಿತು. ಇಬ್ಬರೂ ಅನ್ನ, ಉಪ್ಪು ಮೀನು ಉಂಡೆವು.

ಆಮೇಲೆ ಎಷ್ಟೋ ಭಾನುವಾರ ಅವನ ಪಕ್ಕ ಕೂತಿದ್ದೇನೆ. ಅವನೀಗ ಆ ಗಳಿಗೆಯಲ್ಲಿ ಏನೂ ಅನ್ನುವುದಿಲ್ಲ, ಸುಮ್ಮನೆ ಬಲಗಡೆ ಒಂದಿಷ್ಟು ಜಾಗ ಬಿಟ್ಟು ಎಡಕ್ಕೆ ಸರಿಯುತ್ತಾನೆ. ಆ ಎರಡು ಸದ್ದುಗಳ ನಡುವಿನ ಅಗಲ ಒಬ್ಬ ಹೆಂಗಸಿನ ಭುಜದಷ್ಟಿದೆ. ಕೂತು ಕೂತು ಮಂಡಿ ಎಷ್ಟು ನೊಂದರೂ ನಾನು ಅತ್ತ ಕಾಲು ಚಾಚುವುದಿಲ್ಲ.